ಓದಿಕೊಂಡು ಬಂದ ಡಾಕ್ಟರ್

ಅಮ್ಮನಿಗೆ ಮಯಸ್ತೇನಿಯಾ ಗ್ರೇವಿಸ್. ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ತಲುಪದ ಕಾಯಿಲೆ. ಬೆಳಿಗ್ಗೆ ಚೆನ್ನಾಗಿಯೇ ಇರುತ್ತಾರೆ. ಸಂಜೆ ಹೊತ್ತಿಗೆ ರೆಪ್ಪೆ ಜೋತು ಬೀಳುತ್ತದೆ, ಒಂದು ಎರಡಾಗಿ ಕಾಣುತ್ತದೆ, ಅನ್ನ ಅಗಿಯಲೂ ಸುಸ್ತು. ಪತ್ತೆಯಾಗಿದ್ದು ಮಣಿಪಾಲದಲ್ಲಿ. ಹಾಗಂತ ಜ್ವರ ಬಂದಾಗಲೆಲ್ಲ ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿಯಲು ಆಗುತ್ತದಾ? ಅದೂ ಈ ಮಳೆಯಲ್ಲಿ!

ಊರಲ್ಲಿ ಒಬ್ಬ ಡಾಕ್ಟರ್ 'ವಯಸ್ಸಾಯ್ತಲ್ಲಮ್ಮಾ' ಅಂದರು. ಇನ್ನೊಬ್ಬರು ಫೈಲ್ ಬಿಚ್ಚದೆ ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಆಂಟಿಬಯಾಟಿಕ್ ಬರೆದರು. ಈ ಕಾಯಿಲೆಯವರಿಗೆ ಅದು ನಿಶ್ಶಕ್ತಿ ಜಾಸ್ತಿ ಮಾಡಬಹುದು.

ಆಮೇಲೆ ತಜ್ಞರನ್ನು ಹುಡುಕುವುದು ಬಿಟ್ಟೆ. 'ಗೊತ್ತಿಲ್ಲ' ಅನ್ನಬಲ್ಲವರನ್ನು ಹುಡುಕಿದೆ. ಒಂದೇ ಒಂದು ಹಾಳೆ ಬರೆದೆ: ಕಾಯಿಲೆಯ ಹೆಸರು, ಅದಕ್ಕೆ ಕೊಡುವ ಔಷಧಿ ಪಿರಿಡೋಸ್ಟಿಗ್ಮಿನ್‌ನ ಹೊತ್ತು, ಕೊಡಬಾರದ ಔಷಧಿಗಳು, ನರರೋಗ ತಜ್ಞರ ಫೋನ್ ನಂಬರ್. ಉಸಿರಾಟ ಅಥವಾ ನುಂಗುವುದು ಕಷ್ಟವಾದರೆ ತಕ್ಷಣ ದೊಡ್ಡಾಸ್ಪತ್ರೆಗೆ ಅನ್ನುವುದನ್ನು ಕೆಂಪು ಶಾಯಿಯಲ್ಲಿ. ದಪ್ಪ ಫೈಲ್ ಕಂಡರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ? ಸಂತೆ ದಿನ ಬಿಟ್ಟು, ರಶ್ ಇಲ್ಲದ ಹೊತ್ತಲ್ಲಿ ಹೋದೆವು.

ಮೂರನೆಯವರು ಹಾಳೆ ಎರಡು ಸಲ ಓದಿದರು. "ಕಾಲೇಜಲ್ಲಿ ಓದಿದ್ದಷ್ಟೇ, ಪೇಷಂಟ್ ನೋಡಿಲ್ಲ. ಇದನ್ನ ಇಟ್ಕೊಳ್ಳಲಾ?" ಅಂದರು. ಮುಂದಿನ ವಾರ ಗ್ಲೌಸಿನಲ್ಲಿ ಐಸ್ ಸುತ್ತಿ ಅಮ್ಮನ ರೆಪ್ಪೆ ಮೇಲೆ 2 ನಿಮಿಷ ಇಟ್ಟರು. ಈ ಕಾಯಿಲೆಯಲ್ಲಿ ತಂಪು ತಾಗಿದರೆ ಜೋತ ರೆಪ್ಪೆ ಸ್ವಲ್ಪ ಹೊತ್ತು ಚೇತರಿಸುತ್ತದಂತೆ. ರೆಪ್ಪೆ ಮೇಲೆದ್ದಿತು! ಅಮ್ಮನಿಗಿಂತ ಅವರಿಗೇ ಖುಷಿ.

ಈಗ ಆಂಟಿಬಯಾಟಿಕ್ ಬರೆಯುವ ಮೊದಲು ಮಣಿಪಾಲಕ್ಕೆ ಫೋನ್ ಮಾಡುತ್ತಾರೆ. ಹೋದ ಸಲ ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಒಯ್ದಿದ್ದರು. "ನಂಗೆ ಬಿಪಿ ಇದೆ" ಅಂತ ಗೊಣಗುತ್ತಲೇ ತೆಗೆದುಕೊಂಡರು.