‘ಯಾರು ಮಾಡ್ತಿದ್ರು?’ ಎಂದು ಕೇಳಿದ ಎಡಿಟರ್

ಪಿಎಚ್‌.ಡಿ. ಮುಗಿದು ಮೂರು ವರ್ಷ ಆದಮೇಲೆ ನನ್ನ ಪ್ರಬಂಧವನ್ನು ಪುಸ್ತಕ ಮಾಡೋಣ ಅಂತ ಹೊರಟೆ. ಮಂಡ್ಯ ಜಿಲ್ಲೆಯ ಶಾಸನಗಳಲ್ಲಿ ಬರುವ ಕೆರೆಗಳು ನನ್ನ ವಿಷಯ. 380 ಪುಟ. ಪ್ರಕಾಶಕರೊಬ್ಬರು ಅಲ್ಲಲ್ಲಿ ತಿರುವಿ ನೋಡಿ, "ವಿಷಯ ಚೆನ್ನಾಗಿದೆ ಮೇಡಂ. ಆದ್ರೆ ಇದು ಪರೀಕ್ಷಕರಿಗೆ ಬರೆದಿರೋದು. ಓದೋರಿಗೆ ಬರೆದುಕೊಂಡು ಬನ್ನಿ" ಅಂದರು. ಬೇಜಾರಾಯಿತು. ಆದರೆ ಅವರು ಹೇಳಿದ್ದು ನಿಜ.

ನಾನೇ ಎರಡು ತಿಂಗಳು ಕೂತು ತಿದ್ದಿದೆ. ಆಗಲಿಲ್ಲ. ನನ್ನ ವಾಕ್ಯಗಳು ನನಗೆ ಬಾಯಿಪಾಠ ಆಗಿಬಿಟ್ಟಿದ್ದವು. ತಪ್ಪಿದ್ದರೂ ಕಣ್ಣು ಸುಮ್ನೆ ಮುಂದೆ ಹೋಗುತ್ತಿತ್ತು.

ಆಮೇಲೆ ಒಂದು ತಪ್ಪು ಮಾಡಿದೆ. ಡಿಟಿಪಿ ಮಾಡುವವರೊಬ್ಬರು "ಪ್ರೂಫ್ ನಾವೇ ನೋಡ್ತೀವಿ" ಅಂದರು, ಕೊಟ್ಟುಬಿಟ್ಟೆ. ಹಳೇ ನುಡಿ ಫಾಂಟಿನಲ್ಲಿದ್ದ ಫೈಲನ್ನು ಯೂನಿಕೋಡ್‌ಗೆ ಬದಲಾಯಿಸಿ ಕಳಿಸಿದರು. ಅಡಿಟಿಪ್ಪಣಿಗಳಲ್ಲಿದ್ದ ಇಂಗ್ಲಿಷ್ ಪುಸ್ತಕಗಳ ಹೆಸರೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಕೂತಿದ್ದವು. ಸರಿಮಾಡಲು ಒಂದು ವಾರ ಹಿಡಿಯಿತು. ನನಗೆ ಬೇಕಾಗಿದ್ದು ಪ್ರೂಫ್ ನೋಡುವವರಲ್ಲ, ಎಡಿಟರ್ ಅಂತ ಗೊತ್ತಾಗಿದ್ದೇ ಆಗ.

ಗೆಳತಿಯರನ್ನು, ಬರೆಯುವವರನ್ನು ಕೇಳಿ ಮೂರು ಹೆಸರು ಗುರುತು ಮಾಡಿಕೊಂಡೆ. ಮೂವರಿಗೂ ಒಂದೇ ಐದು ಪುಟ ಕಳಿಸಿದೆ. ಚೆನ್ನಾಗಿದ್ದ ಪುಟಗಳನ್ನಲ್ಲ, ತೀರಾ ಗೋಜಲಾಗಿದ್ದ ನಾಲ್ಕನೇ ಅಧ್ಯಾಯದ ಪುಟಗಳನ್ನು. ಅದರಲ್ಲಿ ಶಾಸನದ ಸಾಲು, ನನ್ನ ವಾದ, ಅಡಿಟಿಪ್ಪಣಿ ಎಲ್ಲ ಇತ್ತು. ಆ ಐದು ಪುಟಕ್ಕೂ ದುಡ್ಡು ಕೊಟ್ಟೆ. ಬಿಟ್ಟಿ ಮಾಡಿಸಿಕೊಳ್ಳುವುದು ಸರಿಯಲ್ಲ ಅಲ್ವಾ?

ಮೊದಲನೆಯವರು ಅಲ್ಪಪ್ರಾಣ ಮಹಾಪ್ರಾಣ ಸರಿಮಾಡಿ, ಕಾಮಾ ಹಾಕಿ ಕಳಿಸಿದರು. ಕೆಲಸ ಅಚ್ಚುಕಟ್ಟು. ಆದರೆ ಗೋಜಲು ಇದ್ದ ಕಡೆಯೇ ಇತ್ತು. ಎರಡನೆಯವರ ಕನ್ನಡ ತುಂಬಾ ಸೊಗಸು. ಆದರೆ ಶಾಸನದಿಂದ ಎತ್ತಿಕೊಂಡ ಸಾಲಿನಲ್ಲಿದ್ದ ‘ಕೆಱೆ’ಯನ್ನು ‘ಕೆರೆ’ ಅಂತ ತಿದ್ದಿಬಿಟ್ಟಿದ್ದರು. ಹಳಗನ್ನಡದ ಱ ಅವರಿಗೆ ಅಚ್ಚಿನ ತಪ್ಪಿನ ಹಾಗೆ ಕಂಡಿರಬೇಕು. ಶಾಸನದ ಪಾಠವನ್ನು ಮುಟ್ಟುವವರಿಗೆ ನನ್ನ ಹಸ್ತಪ್ರತಿ ಕೊಡಲು ಧೈರ್ಯ ಬರಲಿಲ್ಲ.

ಮೂರನೆಯವರು ಧಾರವಾಡದವರು, ಹಿಂದೆ ಪತ್ರಿಕೆಯಲ್ಲಿ ಕೆಲಸ ಮಾಡಿದ್ದವರು. ತಿದ್ದಿದ್ದು ಕಮ್ಮಿ. ಬದಿಯಲ್ಲಿ ಹದಿನಾಲ್ಕು ಪ್ರಶ್ನೆ ಬರೆದಿದ್ದರು. ನಾನು ಬರೆದಿದ್ದ ಒಂದು ವಾಕ್ಯ ಹೀಗಿತ್ತು: "ಕೆರೆಯ ಏರಿಯ ದುರಸ್ತಿ ಕಾರ್ಯವನ್ನು ನಿರ್ವಹಿಸಲಾಗುತ್ತಿತ್ತು ಎಂಬುದು ಶಾಸನಗಳಿಂದ ತಿಳಿದುಬರುತ್ತದೆ." ಪಕ್ಕದಲ್ಲಿ ಅವರ ಪ್ರಶ್ನೆ: "ಯಾರು ಮಾಡ್ತಿದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಐದು ವರ್ಷ ಓದಿದ ವಿಷಯ ಅದು. ಮತ್ತೆ ಶಾಸನಗಳನ್ನು ತೆಗೆದು ಕೂತೆ. ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟುಕೊಡುತ್ತಿದ್ದ ಬಿತ್ತುವಟ್ಟದ ಭೂಮಿಯ ಮಾತು ಅಲ್ಲೇ ಇತ್ತು. ಈಗ ಪುಸ್ತಕದಲ್ಲಿ ಆ ವಾಕ್ಯ, "ಬಿತ್ತುವಟ್ಟ ಪಡೆದವನೇ ಏರಿ ಕೆಡದಂತೆ ನೋಡಿಕೊಳ್ಳಬೇಕಿತ್ತು" ಅಂತ ಇದೆ. ‘ಲಾಗುತ್ತಿತ್ತು’ ‘ಲಾಗಿದೆ’ ಅಂತ ಬರೆದ ಕಡೆಯೆಲ್ಲ ಕೆಲಸ ಮಾಡಿದ ಮನುಷ್ಯನನ್ನೇ ನಾನು ಬಿಟ್ಟುಬಿಟ್ಟಿದ್ದೆ. ಆ ಮೂರನೆಯವರನ್ನೇ ಎಡಿಟರ್ ಆಗಿ ಒಪ್ಪಿಕೊಂಡೆ.

ದುಡ್ಡಿನ ಮಾತು ಮೊದಲೇ ಆಯಿತು. ಪುಟದ ಲೆಕ್ಕ ಬೇಡ ಅಂದರು. ಎ4 ಹಾಳೆಯ ಪುಟವೋ, ಅಚ್ಚಾದ ಪುಸ್ತಕದ ಡೆಮಿ ಅಳತೆಯ ಪುಟವೋ ಅಂತ ಆಮೇಲೆ ಗೊಂದಲ ಆಗುತ್ತದೆ. ಪದಕ್ಕೆ 50 ಪೈಸೆಯಂತೆ 71,000 ಪದಕ್ಕೆ 35,500 ರೂಪಾಯಿ, ಮೂರು ಕಂತು. ಇಂಗ್ಲಿಷ್ ಎಡಿಟಿಂಗ್ ದರ ನೋಡಿ ಕನ್ನಡಕ್ಕೆ ಲೆಕ್ಕ ಹಾಕಬಾರದು ಅಂತ ನನಗೆ ಆಗ ತಿಳಿಯಿತು. ‘ಮಾಡಿಸಬೇಕಾಗಿದ್ದುದರಿಂದ’ ನಮ್ಮಲ್ಲಿ ಒಂದೇ ಪದ, ಇಂಗ್ಲಿಷಿನಲ್ಲಿ ಐದಾರು ಬೇಕು. ಎರಡು ಸುತ್ತು ತಿದ್ದುವುದು, ಶಾಸನಪಾಠ ಮುಟ್ಟದಿರುವುದು, ಕೊನೆಯ ತೀರ್ಮಾನ ನನ್ನದು. ಇಷ್ಟನ್ನು ಒಂದು ಇಮೇಲಿನಲ್ಲಿ ಬರೆದು ಇಬ್ಬರೂ ಒಪ್ಪಿದೆವು.

ಕೆಲಸ ನಾಲ್ಕು ತಿಂಗಳು ನಡೆಯಿತು. ‘ಅಧ್ಯಯನದ ಉದ್ದೇಶ, ವ್ಯಾಪ್ತಿ, ವಿಧಾನ’ ಅಂತ ಇದ್ದ ಮೊದಲ ಅಧ್ಯಾಯ ಪೂರ್ತಿ ಹೋಯಿತು. ಅದನ್ನು ಬಿಡಲು ನನಗೆ ಕಷ್ಟವಾಯಿತು. ಬರೆಯಲು ಒಂದು ಬೇಸಿಗೆ ರಜೆ ಹಿಡಿದಿತ್ತು.

ಒಂದು ಸಂಜೆ ಎಡಿಟರ್ ಫೋನ್ ಮಾಡಿ, "ಮೇಡಂ, ನೀರುಗಂಟಿ ಅಂದ್ರ ಯಾರ್ರೀ?" ಅಂದರು. ನನಗೆ ಆಶ್ಚರ್ಯ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯನ್ನು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಗೈಡಿಗೂ ಗೊತ್ತು, ಪರೀಕ್ಷಕರಿಗೂ ಗೊತ್ತು. ಹಾಗಾಗಿ ಇಡೀ ಪ್ರಬಂಧದಲ್ಲಿ ಎಲ್ಲೂ ವಿವರಿಸಿರಲಿಲ್ಲ. ಬೇರೆ ಕಡೆಯ ಎಡಿಟರ್ ಸಿಕ್ಕಿದ್ದು ನನ್ನ ಅದೃಷ್ಟ. ಆ ಫೋನಿನಿಂದ ನೀರುಗಂಟಿಗೆ ಎರಡು ಪುಟ ಸಿಕ್ಕಿತು.

ಅವರು ಹಿಡಿದ ದೊಡ್ಡ ತಪ್ಪು ಅಡಿಟಿಪ್ಪಣಿಯದು. ನಮ್ಮ ಕಡೆಯ ಶಾಸನಗಳನ್ನು ಅಚ್ಚು ಮಾಡಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಗೆ ಬಿ.ಎಲ್. ರೈಸ್ ಅವರ ಹಳೆಯ ಸಂಪುಟಗಳಿವೆ, ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳೂ ಇವೆ. ಎರಡರ ಅಂಕಿ ಒಂದೇ ಅಲ್ಲ. ನಾಗಮಂಗಲದ ಶಾಸನಗಳು ರೈಸ್ ಅವರಲ್ಲಿ 4ನೇ ಸಂಪುಟ, ಪರಿಷ್ಕೃತದಲ್ಲಿ 7ನೇ ಸಂಪುಟ. ನಾನು ಕೆಲವು ಕಡೆ ಅದನ್ನು, ಕೆಲವು ಕಡೆ ಇದನ್ನು ಹಾಕಿದ್ದೆ. ಹುಡುಕಿಕೊಂಡು ಹೋದವರಿಗೆ ಶಾಸನ ಸಿಗುತ್ತಲೇ ಇರಲಿಲ್ಲ. ಅವರು ಒಂದೊಂದನ್ನೂ ಪಟ್ಟಿ ಮಾಡಿ ಕಳಿಸಿದರು. ಲೈಬ್ರರಿಗೆ ಹೋಗಿ ಒಂದೊಂದನ್ನೂ ತಾಳೆ ನೋಡಿದ್ದು ನಾನು. ಅದು ಎಡಿಟರ್ ಮಾಡುವ ಕೆಲಸ ಅಲ್ಲ, ಬರೆದವರದ್ದು.

ಕೊನೆಗೆ ಹೆಸರಿನ ಪ್ರಶ್ನೆ ಬಂತು. ಅವರ ಹೆಸರು ಒಳಪುಟದಲ್ಲಿ ಇರಲೇಬೇಕು ಅಂತ ನನಗೆ ಆಸೆ. ಆದರೆ ‘ಸಂಪಾದಕರು’ ಅಂತ ಹಾಕಿದರೆ ಬೇರೆಬೇರೆಯವರ ಲೇಖನ ಸೇರಿಸಿ ತಂದ ಪುಸ್ತಕ ಅಂದುಕೊಳ್ಳುತ್ತಾರೆ. ‘ಕರಡು ತಿದ್ದಿದವರು’ ಅಂದರೆ ಅವರು ಮಾಡಿದ್ದಕ್ಕೆ ತೀರಾ ಚಿಕ್ಕ ಮಾತು. ಅವರನ್ನೇ ಕೇಳಿದೆ. ಎರಡು ದಿನ ಯೋಚನೆ ಮಾಡಿ, "‘ಹಸ್ತಪ್ರತಿ ಪರಿಷ್ಕರಣೆ’ ಅಂತ ಹಾಕ್ರೀ, ಸಾಕು" ಅಂದರು. ನನ್ನ ಹೆಸರಿರುವ ಪುಟದ ಹಿಂಬದಿಯಲ್ಲಿ, ಪ್ರಕಾಶಕರ ವಿಳಾಸಕ್ಕಿಂತ ಮೇಲೆ, ಹಾಗೇ ಅಚ್ಚಾಗಿದೆ.