ಮಂಪರಿಗೆ ಕಾರಣ ಮಾರ್ಫಿನ್ ಮಾತ್ರವಲ್ಲ

ಬಾಯಿಯ ಕ್ಯಾನ್ಸರ್ ಇರುವವರು ಮಂಪರಿನಲ್ಲೇ ಮಲಗಿದ್ದರೆ, ಕಾಯಿಲೆ ಮುಂದುವರಿಯಿತು ಎಂದು ಮನೆಯವರು ಕೈಚೆಲ್ಲುತ್ತಾರೆ. ನೋವಿಗೆ ಮಾರ್ಫಿನ್ ಕೊಡುತ್ತಿದ್ದರೆ ವೈದ್ಯರೂ ಅದನ್ನೇ ದೂರುತ್ತಾರೆ. ಮಲಬದ್ಧತೆ, ವಾಕರಿಕೆ, ತೂಕಡಿಕೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿದಾಗಲೂ ಬರುತ್ತವೆ, ಮಾರ್ಫಿನ್‌ನಿಂದಲೂ ಬರುತ್ತವೆ. ಅದಕ್ಕೇ ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಬಾಯಾರಿಕೆ ಹೆಚ್ಚಿದೆಯೇ, ಪದೇ ಪದೇ ಮೂತ್ರಕ್ಕೆ ಹೋಗುತ್ತಾರೆಯೇ? ಹೌದೆಂದರೆ ಕ್ಯಾಲ್ಸಿಯಂ ಪರೀಕ್ಷೆಯನ್ನು ಮರುದಿನಕ್ಕೆ ಬಿಡುವುದಿಲ್ಲ.

ವರ್ಷಗಟ್ಟಲೆ ತಂಬಾಕು ಜಗಿದಿದ್ದ ರೈತರೊಬ್ಬರ ವರದಿಯಲ್ಲಿ ಕ್ಯಾಲ್ಸಿಯಂ 11.8 ಎಂದಿತ್ತು. ತುಸು ಹೆಚ್ಚು ಅನ್ನಿಸುವ ಅಂಕಿ, ಅಷ್ಟೇ. ಆದರೆ ಊಟ ನುಂಗಲಾಗದೆ ಸೊರಗಿದ್ದ ಅವರ ಅಲ್ಬುಮಿನ್, ಅಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಹೊರುವ ಪ್ರೋಟೀನ್, 2ಕ್ಕೆ ಇಳಿದಿತ್ತು. ಅಲ್ಬುಮಿನ್ 4ಕ್ಕಿಂತ ಎಷ್ಟು ಗ್ರಾಂ ಕಡಿಮೆಯೋ ಅಷ್ಟು ಸಲ ಕ್ಯಾಲ್ಸಿಯಂ ಅಂಕಿಗೆ 0.8 ಕೂಡಿಸಬೇಕು. ಕೂಡಿಸಿದರೆ 13.4! ಅಲ್ಬುಮಿನ್ ನೋಡದೆ ಕ್ಯಾಲ್ಸಿಯಂ ವರದಿಯನ್ನು ಓದಬೇಡಿ ಎಂದು ಕಿರಿಯ ವೈದ್ಯರಿಗೆ ನಾನು ಬೇಸರವಿಲ್ಲದೆ ಹೇಳುತ್ತಲೇ ಇರುತ್ತೇನೆ.

ಅವರ ಮೂಳೆಗಳಿಗೆ ಕ್ಯಾನ್ಸರ್ ಹರಡಿರಲಿಲ್ಲ. ಗೆಡ್ಡೆಯೇ, ರಕ್ತದ ಕ್ಯಾಲ್ಸಿಯಂ ಏರಿಸುವ ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಹೋಲುವ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತಿತ್ತು. ಅದು ಮೂಳೆಯಿಂದ ಕ್ಯಾಲ್ಸಿಯಂ ಕರಗಿಸುತ್ತದೆ, ಮೂತ್ರದಲ್ಲಿ ಹೊರಹೋಗದಂತೆ ತಡೆಯುತ್ತದೆ. ಇಂಥದ್ದೊಂದು ಇರಬೇಕೆಂದು ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1941ರಲ್ಲೇ ಊಹಿಸಿದ್ದರು. ಪ್ರೋಟೀನ್ ಕೈಗೆ ಸಿಕ್ಕಿದ್ದು 1987ರಲ್ಲಿ. ಅದರ ಪರೀಕ್ಷೆಯ ವರದಿಗಾಗಿ ನಾನು ಕಾಯುವುದಿಲ್ಲ. ಕ್ಯಾಲ್ಸಿಯಂ ಏರಿದ್ದೂ ದೇಹದ ಸ್ವಂತ ಪ್ಯಾರಾಥೈರಾಯ್ಡ್ ಹಾರ್ಮೋನ್ ತಗ್ಗಿದ್ದರೆ, ಇಂಥ ರೋಗಿಯಲ್ಲಿ ಚಿಕಿತ್ಸೆ ಶುರುಮಾಡಲು ಅಷ್ಟು ಸಾಕು.

ಮೊದಲು ಸಲೈನ್, ಅಂದರೆ ಉಪ್ಪುನೀರಿನ ಡ್ರಿಪ್. ಕ್ಯಾಲ್ಸಿಯಂ ಏರಿದಾಗ ಮೂತ್ರಪಿಂಡ ನೀರು ಹಿಡಿದಿಡಲಾರದು, ದೇಹ ಒಣಗಿರುತ್ತದೆ. ಹೃದಯ ತಾಳುವಷ್ಟು ಧಾರಾಳವಾಗಿ ಕೊಟ್ಟೆವು. ನೀರು ತುಂಬುವ ಮೊದಲೇ ಮೂತ್ರ ಹೆಚ್ಚಿಸುವ ಫ್ಯುರೋಸೆಮೈಡ್ ಚುಚ್ಚುವ ಹಳೆಯ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಒಣಗಿದವರನ್ನು ಅದು ಮತ್ತಷ್ಟು ಒಣಗಿಸುತ್ತದೆ. ಜೊತೆಗೆ ಕ್ಯಾಲ್ಸಿಯಂ ಇಳಿಸುವ ಕ್ಯಾಲ್ಸಿಟೋನಿನ್: ಕೆಲವೇ ಗಂಟೆಗಳಲ್ಲಿ ಕೆಲಸ ಮಾಡುತ್ತದೆ, ಆದರೆ ಎರಡು ದಿನಗಳಲ್ಲಿ ಅದರ ಬಲ ಕುಂದುತ್ತದೆ. ಅಷ್ಟರಲ್ಲಿ, ಮೂಳೆ ಕರಗುವುದನ್ನು ತಡೆಯುವ ಜೊಲೆಡ್ರೋನಿಕ್ ಆಸಿಡ್ ಕೆಲಸ ಶುರುಮಾಡಿರಬೇಕು. 4 ಮಿಲಿಗ್ರಾಂ, 15 ನಿಮಿಷಗಳ ಡ್ರಿಪ್. ವಿಕಿರಣ ಚಿಕಿತ್ಸೆ ಪಡೆದ ದವಡೆಗೆ ಈ ಔಷಧಿಯಿಂದ ಅಪಾಯವಿದೆ, ಮೂಳೆ ಸಾಯಬಹುದು. ಅದನ್ನು ಮಗಳಿಗೆ ವಿವರಿಸಿದೆ. "ಅಪ್ಪ ಮಾತಾಡಿದರೆ ಸಾಕು ಡಾಕ್ಟರ್" ಎಂದರು.

ಕ್ಯಾಲ್ಸಿಯಂ ಇಳಿಯಿತು, ಅಪ್ಪ ಮಾತನಾಡಿದರು, ಹೊಲದ ವಿಚಾರವನ್ನೂ ಕೇಳಿದರು. ಗೆಡ್ಡೆ ಇರುವವರೆಗೆ ಇದು ಮರುಕಳಿಸುತ್ತದೆ ಎಂದು ಇಬ್ಬರಿಗೂ ಮುಚ್ಚಿಡದೆ ಹೇಳಿದೆ. ಕೀಮೋ ಬೇಕೇ ಬೇಡವೇ ಎಂಬುದನ್ನು ಆ ಎಚ್ಚರದ ದಿನಗಳಲ್ಲಿ ಅವರೇ ತೀರ್ಮಾನಿಸಿದರು.