ಮಿದುಳಿನ ಆಪರೇಷನ್‌ಗೆ ಸ್ಕ್ಯಾನ್ ದಾರಿ ತೋರಿಸುವುದು ಹೇಗೆ?

ಮಿದುಳಿನ ಗಡ್ಡೆ ತೆಗೆಯುವಾಗ ದೊಡ್ಡ ಕಷ್ಟ ಅದರ ಅಂಚಿನದು. ಎಷ್ಟೋ ಸಲ ಗಡ್ಡೆ ಯಾವುದು, ಮಿದುಳು ಯಾವುದು ಅಂತ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಚೂರು ಉಳಿದರೆ ಮತ್ತೆ ಬೆಳೆಯುತ್ತದೆ. ಜಾಸ್ತಿ ತೆಗೆದರೆ ಮಾತೋ ಕೈಕಾಲಿನ ಶಕ್ತಿಯೋ ಹೋಗಬಹುದು. ಹಾಗಾಗಿ ಸರ್ಜನ್‌ಗೆ ನಕ್ಷೆ ಬೇಕು.

ಮೊದಲು ತೆಳು ತೆಳು ಪದರಗಳಲ್ಲಿ ಎಂಆರ್‌ಐ ತೆಗೆಯುತ್ತಾರೆ. ಕಂಪ್ಯೂಟರ್ ಅದನ್ನು ಜೋಡಿಸಿ ಇಡೀ ತಲೆಯ ಮೂರು ಆಯಾಮದ ಚಿತ್ರ ಮಾಡುತ್ತದೆ.

ಆಮೇಲೆ ಚಿತ್ರಕ್ಕೂ ನಿಜವಾದ ತಲೆಗೂ ತಾಳೆ ಹಾಕಬೇಕು. ಅರಿವಳಿಕೆ ಕೊಟ್ಟು, ಮೂರು ಪಿನ್‌ಗಳ ಕ್ಲಾಂಪ್‌ನಲ್ಲಿ ತಲೆಯನ್ನು ಅಲ್ಲಾಡದಂತೆ ಬಿಗಿಯುತ್ತಾರೆ. ಪಕ್ಕದಲ್ಲೇ ಹೊಳೆಯುವ ಪುಟ್ಟ ಗುಂಡುಗಳಿರುವ ಚೌಕಟ್ಟು. ಸರ್ಜನ್ ಕೈಯ ಪಾಯಿಂಟರ್‌ನಲ್ಲೂ ಅಂಥವೇ ಗುಂಡುಗಳು. ಇನ್‌ಫ್ರಾರೆಡ್ ಕ್ಯಾಮೆರಾ ಎರಡನ್ನೂ ನೋಡುತ್ತಾ, ಪಾಯಿಂಟರ್ ಎಲ್ಲಿದೆ ಅಂತ ಕಂಪ್ಯೂಟರ್‌ಗೆ ತಿಳಿಸುತ್ತಿರುತ್ತದೆ. ಹಣೆ, ಕಣ್ಣಿನ ಮೂಲೆ, ಮೂಗಿನ ಬುಡ ಮುಟ್ಟಿಸಿ ಕಂಪ್ಯೂಟರ್‌ಗೆ ಗುರುತು ಹಿಡಿಸಿದ ಮೇಲೆ, ಪಾಯಿಂಟರ್ ತುದಿಯನ್ನು ಮೂಗಿನ ತುದಿಗೆ ಮುಟ್ಟಿಸಿ ನೋಡುತ್ತಾರೆ. ಸ್ಕ್ರೀನ್‌ನಲ್ಲೂ ಅದು ಅಲ್ಲೇ ಇರಬೇಕು. ಇಲ್ಲದಿದ್ದರೆ ಮತ್ತೆ ಮೊದಲಿಂದ. ಇಲ್ಲಿ ಅವಸರ ಮಾಡಲೇಬಾರದು.

ತಲೆಬುರುಡೆ ಎಲ್ಲಿ ತೆರೆಯಬೇಕು ಅನ್ನುವುದಕ್ಕೆ ಈ ನಕ್ಷೆ ಸಾಕು. ತೆರೆದ ಮೇಲೆ ತೊಂದರೆ ಶುರು. ಮಿದುಳಿನ ಸುತ್ತಲಿನ ನೀರು ಸೋರುತ್ತದೆ, ಮೆತ್ತನೆಯ ಮಿದುಳು ಕುಸಿಯುತ್ತದೆ. ಕೆಲವೊಮ್ಮೆ 1 ಸೆಂ.ಮೀ.ಗಿಂತ ಜಾಸ್ತಿ. ಸ್ಕ್ರೀನ್ ಮಾತ್ರ ಹಳೇ ಜಾಗವನ್ನೇ ತೋರಿಸುತ್ತಿರುತ್ತದೆ! ಅದಕ್ಕೇ ನಡುವೆ ಹೊಸ ಚಿತ್ರ ಬೇಕೇ ಬೇಕು ಅನ್ನುತ್ತೇನೆ.

ಸುಲಭದ ದಾರಿ ಅಲ್ಟ್ರಾಸೌಂಡ್. ಪುಟ್ಟ ಪ್ರೋಬನ್ನು ಮಿದುಳಿನ ಮೇಲಿಟ್ಟರೆ ಆ ಕ್ಷಣದ ಚಿತ್ರ ಸಿಗುತ್ತದೆ. ಇನ್ನೂ ಸ್ಪಷ್ಟವಾಗಿ ಬೇಕಾದರೆ ಆಪರೇಷನ್ ಥಿಯೇಟರಿನಲ್ಲೇ ಎಂಆರ್‌ಐ. ಬೋಸ್ಟನ್ನಿನ ಬ್ರಿಗಮ್ ಆಸ್ಪತ್ರೆಯಲ್ಲಿ 1994ರಲ್ಲೇ ಇಂಥ ಯಂತ್ರ ಬಂದಿತ್ತು. ಎಂಆರ್‌ಐ ಯಂತ್ರದ ಕಾಂತದ ಸೆಳೆತ ಜೋರು. ಹಾಗಾಗಿ ಸ್ಕ್ಯಾನ್‌ಗೆ ಮುಂಚೆ ಕತ್ತರಿ, ಸೂಜಿ ಎಲ್ಲ ಎಣಿಸಿ ದೂರ ಇಡುತ್ತಾರೆ. ಸಮಯ ಹಿಡಿಯುತ್ತದೆ ನಿಜ, ಆದರೆ ಉಳಿದ ಚೂರು ಆಗಲೇ ಕಾಣುತ್ತದೆ, ಮತ್ತೊಂದು ಆಪರೇಷನ್ ತಪ್ಪಬಹುದು.

ಗ್ಲಿಯೋಮಾ ಎಂಬ ಕ್ಯಾನ್ಸರ್ ಗಡ್ಡೆ ಜೋರಾಗಿ ಬೆಳೆಯುವಂಥದ್ದಾದರೆ ಇನ್ನೊಂದು ಉಪಾಯವಿದೆ. ಅರಿವಳಿಕೆಗೆ ಕೆಲವು ಗಂಟೆ ಮುಂಚೆ ರೋಗಿಗೆ 5-ಎಎಲ್‌ಎ ಎಂಬ ಔಷಧಿ ಕುಡಿಸುತ್ತಾರೆ. ಮೈಕ್ರೋಸ್ಕೋಪಿನ ನೀಲಿ ಬೆಳಕು ಬಿಟ್ಟರೆ ಗಡ್ಡೆ ಗುಲಾಬಿ-ಕೆಂಪಾಗಿ ಹೊಳೆಯುತ್ತದೆ. ಮೇಲೆ ರಕ್ತ ನಿಂತಿದ್ದರೆ ಹೊಳಪು ಕಾಣುವುದಿಲ್ಲ. ಆಗಾಗ ತೊಳೆಯುತ್ತಿರಬೇಕು.

ಕಂಡದ್ದನ್ನೆಲ್ಲ ತೆಗೆಯಬಹುದು ಅಂತಲ್ಲ. ಗಡ್ಡೆ ಮಾತಿನ ಜಾಗದ ಪಕ್ಕದಲ್ಲಿದ್ದರೆ ಕೆಲವೊಮ್ಮೆ ರೋಗಿಯನ್ನು ಎಚ್ಚರವಾಗಿಟ್ಟು, ಚಿತ್ರ ತೋರಿಸಿ ಹೆಸರು ಕೇಳುತ್ತಾರೆ. ಸಣ್ಣ ಕರೆಂಟ್ ತಾಗಿಸಿದ ಕಡೆ ಮಾತು ತಡವರಿಸಿದರೆ, ಸರ್ಜನ್ ಆ ಜಾಗ ಮುಟ್ಟುವುದಿಲ್ಲ.